ನೀರಿನಲ್ಲಿ ತೂಗಿ ಮಿಶ್ರಲೋಹದ ಪಾಲು ಕಂಡುಹಿಡಿಯುವ ಬಗೆ: ಸಮಗ್ರ ಮಾರ್ಗದರ್ಶಿ

ಚಿನ್ನದ ಬಳೆಯನ್ನು ಕತ್ತರಿಸದೆ, ಕರಗಿಸದೆ, ಆಮ್ಲ ತಾಗಿಸದೆ ಅದರಲ್ಲಿ ಚಿನ್ನವೆಷ್ಟು, ಬೆರಕೆಯೆಷ್ಟು ಎಂದು ಅಂದಾಜು ಮಾಡಲು ಒಂದು ಸಣ್ಣ ಡಿಜಿಟಲ್ ತಕ್ಕಡಿ, ಒಂದು ಗಾಜಿನ ಲೋಟ ನೀರು ಮತ್ತು ಒಂದೆಳೆ ದಾರ ಸಾಕಾಗುತ್ತವೆ. ವಿಧಾನ ಹಳೆಯದು, ಅಳತೆಯ ಕೆಲಸ ಹತ್ತು ನಿಮಿಷದ್ದು, ಲೆಕ್ಕ ಹೈಸ್ಕೂಲಿನ ಮಟ್ಟದ್ದು. ಆದರೂ ಈ ವಿಧಾನದಿಂದ ಬಂದ ಉತ್ತರವನ್ನು ತಪ್ಪಾಗಿ ಓದಿಕೊಳ್ಳುವವರೇ ಹೆಚ್ಚು. ಅದಕ್ಕೆ ಕಾರಣವಿದೆ. ಈ ವಿಧಾನ ಅಳೆಯುವ ಸಾಂದ್ರತೆ (ಒಂದು ಘನ ಸೆಂಟಿಮೀಟರ್ ವಸ್ತುವಿನ ತೂಕ) ಎಂಬುದು ಒಂದೇ ಒಂದು ಸಂಖ್ಯೆ. ಒಂದು ಸಂಖ್ಯೆಯಿಂದ ಒಂದೇ ಪ್ರಶ್ನೆಗೆ ಉತ್ತರ ಪಡೆಯಬಹುದು. ಬೆರೆತಿರುವ ಎರಡು ಲೋಹಗಳು ಯಾವುವು ಎಂದು ಮೊದಲೇ ಗೊತ್ತಿದ್ದರೆ ಅವುಗಳ ಪಾಲು ಸಿಗುತ್ತದೆ. ಗೊತ್ತಿಲ್ಲದಿದ್ದರೆ, ಎಷ್ಟೇ ನಿಖರವಾಗಿ ತೂಗಿದರೂ, ಸಿಗುವುದು ಒಂದು ಊಹೆ ಮಾತ್ರ. ಆದ್ದರಿಂದ ಈ ಬರಹದಲ್ಲಿ ಅಳೆಯುವ ಕ್ರಮಕ್ಕೆ ಕೊಟ್ಟಷ್ಟೇ ಜಾಗವನ್ನು ಅಳತೆಯ ದೋಷಕ್ಕೂ ಲೆಕ್ಕದ ಮಿತಿಗೂ ಕೊಡಲಾಗಿದೆ.

ಸಾಂದ್ರತೆಯ ಅಂಕಿಗಳೆಲ್ಲ ಘನ ಸೆಂಟಿಮೀಟರಿಗೆ ಗ್ರಾಂ ಲೆಕ್ಕದಲ್ಲಿವೆ. ಕೊಠಡಿಯ ಉಷ್ಣತೆಯಲ್ಲಿ ನಮಗೆ ಬೇಕಾಗುವ ಲೋಹಗಳ ಸಾಂದ್ರತೆಗಳು ಹೀಗಿವೆ: ಚಿನ್ನ 19.32, ಟಂಗ್‌ಸ್ಟನ್ 19.25, ಸೀಸ 11.34, ಬೆಳ್ಳಿ 10.49, ತಾಮ್ರ 8.96, ತವರ 7.29, ಸತು 7.14.

ಕಿರೀಟದ ಕತೆ ಮತ್ತು ಅದರಲ್ಲಿನ ತೊಡಕು

ಸಿಸಿಲಿಯ ಸಿರಾಕ್ಯೂಸ್ ನಗರದ ಅರಸ ಎರಡನೆಯ ಹೀರೋನ್ ಮಾಡಿಸಿದ ಕಿರೀಟದಲ್ಲಿ ಅಕ್ಕಸಾಲಿಗನು ಬೆಳ್ಳಿ ಬೆರೆಸಿದ್ದನ್ನು ಆರ್ಕಿಮಿಡೀಸ್ ಪತ್ತೆ ಹಚ್ಚಿದ ಕತೆ ಶಾಲೆಯ ಮಕ್ಕಳಿಗೂ ಗೊತ್ತು. ಈ ಕತೆ ನಮಗೆ ಬಂದಿರುವುದು ಆರ್ಕಿಮಿಡೀಸ್‌ಗಿಂತ ಸುಮಾರು ಎರಡು ಶತಮಾನ ಈಚೆಗೆ ಬದುಕಿದ್ದ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್‌ನಿಂದ. ತೇಲುವ ಕಾಯಗಳ ಬಗ್ಗೆ ಆರ್ಕಿಮಿಡೀಸನೇ ಬರೆದದ್ದರಲ್ಲಿ ಕಿರೀಟದ ಪ್ರಸ್ತಾಪವೇ ಇಲ್ಲ. ವಿಟ್ರೂವಿಯಸ್ ಹೇಳುವ ಪ್ರಕಾರ, ತುಂಬಿದ ಪಾತ್ರೆಯಲ್ಲಿ ಕಿರೀಟವನ್ನೂ ಅಷ್ಟೇ ತೂಕದ ಚಿನ್ನವನ್ನೂ ಬೇರೆ ಬೇರೆಯಾಗಿ ಮುಳುಗಿಸಿ, ಹೊರಚೆಲ್ಲಿದ ನೀರಿನ ವ್ಯತ್ಯಾಸದಿಂದ ಕಳ್ಳತನ ಬಯಲಾಯಿತು.

ಈ ಮಾತನ್ನು ಲೆಕ್ಕಕ್ಕೆ ಒಡ್ಡಿ ನೋಡುವುದು ಒಳ್ಳೆಯದು. ಒಂದು ಕಿಲೋ ಅಪ್ಪಟ ಚಿನ್ನದ ಗಾತ್ರ 51.8 ಘನ ಸೆಂ.ಮೀ. ಅದರಲ್ಲಿ 300 ಗ್ರಾಂ ಚಿನ್ನವನ್ನು ತೆಗೆದು ಅಷ್ಟೇ ಬೆಳ್ಳಿ ಸೇರಿಸಿದರೆ ಗಾತ್ರ 64.8ಕ್ಕೆ ಏರುತ್ತದೆ. ವ್ಯತ್ಯಾಸ 13 ಘನ ಸೆಂ.ಮೀ. ಕಿರೀಟ ಹಿಡಿಯುವಂಥ 20 ಸೆಂ.ಮೀ. ಅಗಲದ ಪಾತ್ರೆಯಲ್ಲಿ ಇದು ನೀರಿನ ಮಟ್ಟವನ್ನು ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ ಏರಿಸುತ್ತದೆ. ಪಾತ್ರೆಯ ಅಂಚಿನಲ್ಲಿ ನೀರು ಮೇಲ್ಮೈ ಎಳೆತದಿಂದ ಉಬ್ಬಿ ನಿಲ್ಲುವುದೇ ಅದಕ್ಕಿಂತ ಹೆಚ್ಚು. ಆದರೆ ಅದೇ ಎರಡು ವಸ್ತುಗಳನ್ನು ತಕ್ಕಡಿಯ ಎರಡು ತುದಿಗೆ ತೂಗುಹಾಕಿ ನೀರಿಗಿಳಿಸಿದರೆ, ಬೆಳ್ಳಿ ಬೆರೆತ ಕಿರೀಟ 13 ಗ್ರಾಂ ಹಗುರವಾಗಿ ಮೇಲೇಳುತ್ತದೆ. ಸಾಧಾರಣ ತಕ್ಕಡಿಯಲ್ಲೂ ಇದು ಕಣ್ಣಿಗೆ ಕಾಣುವಷ್ಟು ದೊಡ್ಡದು. 1586ರಲ್ಲಿ, ತನ್ನ 22ನೆಯ ವಯಸ್ಸಿನಲ್ಲಿ, ಗೆಲಿಲಿಯೊ ಬರೆದ ಒಂದು ಸಣ್ಣ ಪ್ರಬಂಧದ ವಾದವೂ ಇದೇ ಆಗಿತ್ತು: ನೀರು ಚೆಲ್ಲಿಸುವ ವಿಧಾನ ಒರಟಾದದ್ದು, ಆರ್ಕಿಮಿಡೀಸ್ ಬಳಸಿದ್ದು ತಕ್ಕಡಿಯೇ ಇರಬೇಕು. ಅವನು ತನ್ನ ತಕ್ಕಡಿಯ ತೋಳಿಗೆ ಸಣ್ಣ ತಂತಿಯನ್ನು ಒತ್ತೊತ್ತಾಗಿ ಸುತ್ತಿ, ಸುತ್ತುಗಳನ್ನು ಎಣಿಸಿ ಬೆರಕೆಯ ಪಾಲನ್ನು ಓದುವ ಉಪಾಯ ಮಾಡಿದ್ದ. ಅವನಿಗೂ ಬಹಳ ಹಿಂದೆ, 12ನೆಯ ಶತಮಾನದ ಆರಂಭದಲ್ಲಿ, ಮಧ್ಯ ಏಷ್ಯಾದ ಮರ್ವ್ ನಗರದ ಅಲ್ ಖಾಜಿನಿ ನೀರಿನಲ್ಲಿ ತೂಗುವ ತಕ್ಕಡಿಯಿಂದ ಮಿಶ್ರಲೋಹಗಳನ್ನು ಪರೀಕ್ಷಿಸುವ ವಿವರವಾದ ಗ್ರಂಥ ಬರೆದಿದ್ದ.

ಹಾಗಾಗಿ ಅಳತೆಯ ಜಾಡಿಯಲ್ಲಿ ನೀರು ಎಷ್ಟು ಏರಿತೆಂದು ನೋಡಿ ಗಾತ್ರ ಕಂಡುಹಿಡಿಯುವ ಯೋಚನೆಯನ್ನು ಆರಂಭದಲ್ಲೇ ಕೈಬಿಡಿ. ಗಾತ್ರವನ್ನೂ ತೂಕದಿಂದಲೇ ಅಳೆಯಬೇಕು.

ತತ್ತ್ವ

ನೀರಿನಲ್ಲಿ ಮುಳುಗಿದ ವಸ್ತುವನ್ನು ನೀರು ಮೇಲಕ್ಕೆ ತಳ್ಳುತ್ತದೆ. ಆ ಮೇಲ್ಮುಖ ಬಲ ವಸ್ತು ಸರಿಸಿದ ನೀರಿನ ತೂಕಕ್ಕೆ ಸಮ. ನೀರು ವಸ್ತುವನ್ನು ಮೇಲಕ್ಕೆ ತಳ್ಳಿದಷ್ಟೇ ಬಲದಿಂದ ವಸ್ತು ನೀರನ್ನು ಕೆಳಕ್ಕೆ ತಳ್ಳುತ್ತದೆ. ಆದ್ದರಿಂದ ನೀರಿನ ಲೋಟವನ್ನೇ ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಬಳೆಯನ್ನು ದಾರದಲ್ಲಿ ಕಟ್ಟಿ ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ ಮುಳುಗಿಸಿದರೆ, ತಕ್ಕಡಿ ತೋರುವ ಅಂಕಿಯು ಬಳೆ ಸರಿಸಿದ ನೀರಿನ ತೂಕವೇ ಆಗಿರುತ್ತದೆ. ಬಳೆಯ ಭಾರವನ್ನು ದಾರ ಹೊತ್ತಿರುತ್ತದೆ, ತಕ್ಕಡಿಗೆ ಮೇಲ್ಮುಖ ಬಲದ ಪ್ರತಿಕ್ರಿಯೆ ಮಾತ್ರ ತಲುಪುತ್ತದೆ. ಪಿಯುಸಿ ಪ್ರಯೋಗಾಲಯದಲ್ಲಿ ತಕ್ಕಡಿಯ ಕೆಳಗಿನ ಕೊಕ್ಕೆಗೆ ವಸ್ತುವನ್ನು ತೂಗುಹಾಕಿ ಮಾಡುವ ಪ್ರಯೋಗದ ಫಲಿತಾಂಶವೂ ಇದೇ. ಮನೆಯ ತಕ್ಕಡಿಗೆ ಕೊಕ್ಕೆ ಇರುವುದಿಲ್ಲವಾದ್ದರಿಂದ ಈ ಬಗೆಯೇ ಅನುಕೂಲ.

ಸಾಂದ್ರತೆ = (ಗಾಳಿಯಲ್ಲಿನ ತೂಕ ÷ ಮುಳುಗಿಸಿದಾಗ ಬಂದ ಅಂಕಿ) × ನೀರಿನ ಸಾಂದ್ರತೆ

ಮೊದಲನೆಯ ಹಂತ: ವಸ್ತುವಿನ ಆಯ್ಕೆ

ಈ ಹಂತದಲ್ಲಿ ಎಡವಿದರೆ ಮುಂದಿನ ಎಚ್ಚರಿಕೆಯೆಲ್ಲ ವ್ಯರ್ಥ. ಪರೀಕ್ಷೆಗೆ ಒಡ್ಡುವ ವಸ್ತು ಒಳಗೆ ಟೊಳ್ಳಿಲ್ಲದ, ಹರಳು, ಮುತ್ತು, ಮೀನಾಕಾರಿ ಇಲ್ಲದ ಗಟ್ಟಿ ಲೋಹವಾಗಿರಬೇಕು. ನಮ್ಮ ಕಡೆಯ ಒಡವೆಗಳಲ್ಲಿ ಇದು ಅಷ್ಟು ಸುಲಭವಲ್ಲ. ಸರದ ಗುಂಡುಗಳ ಒಳಗೆ ಅರಗು ತುಂಬಿರುವುದುಂಟು. ಜುಮಕಿ, ಬುಗುಡಿಗಳು ತೆಳುವಾದ ತಗಡಿನಿಂದ ಮಾಡಿದ ಪೊಳ್ಳು ವಸ್ತುಗಳು. ದಪ್ಪ ಕಡಗದಂತೆ ಕಾಣುವುದು ಎಷ್ಟೋ ಬಾರಿ ಬಾಗಿಸಿದ ಕೊಳವೆಯಾಗಿರುತ್ತದೆ. ಅರಗಿನ ಸಾಂದ್ರತೆ ನೀರಿಗಿಂತ ತುಸುವೇ ಹೆಚ್ಚಾದ್ದರಿಂದ ಅದು ಸ್ವಲ್ಪವಿದ್ದರೂ 22 ಕ್ಯಾರಟ್‌ನ ಒಡವೆ 14 ಕ್ಯಾರಟ್‌ನದ್ದೆಂದು ಕಾಣಬಹುದು. ಅರಗು ಅಥವಾ ಅಂಟು ಇರುವ ಒಡವೆಯನ್ನು ನೀರಿಗೆ ಹಾಕುವುದೇ ತಪ್ಪು. ಒಳಗೆ ಸೇರಿದ ನೀರು ಬೇಗ ಹೊರಬರುವುದಿಲ್ಲ.

ಒಳ್ಳೆಯ ಅಭ್ಯರ್ಥಿಗಳೆಂದರೆ ಗಟ್ಟಿ ಬಳೆ, ನಾಣ್ಯ, ಬಿಸ್ಕತ್ತು, ಹರಳಿಲ್ಲದ ದಪ್ಪ ಉಂಗುರ, ಬೆಳ್ಳಿಯ ಲೋಟ, ಹಿತ್ತಾಳೆಯ ಪಟ್ಟಿ. ಸಣ್ಣ ಕೊಂಡಿಗಳ ಸರವನ್ನು ತೂಗಬಹುದಾದರೂ ಕೊಂಡಿ ಕೊಂಡಿಯ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ, ಬೆಸುಗೆಯ ಲೋಹವೂ ಲೆಕ್ಕದೊಳಗೆ ನುಸುಳುತ್ತದೆ.

ಎರಡನೆಯ ಹಂತ: ಸಲಕರಣೆ

ತಕ್ಕಡಿ ಕನಿಷ್ಠ 0.01 ಗ್ರಾಂ ವರೆಗೆ ಓದುವಂಥದ್ದಾಗಿರಬೇಕು. ಹತ್ತು ಗ್ರಾಮಿಗಿಂತ ಹಗುರ ವಸ್ತುಗಳಿಗೆ 0.001 ಗ್ರಾಂ ಓದುವುದು ಬೇಕೇ ಬೇಕು. ನೀರು ತುಂಬಿದ ಲೋಟದ ಭಾರವನ್ನೂ ಅದು ಹೊರಬೇಕಾದ್ದರಿಂದ ತಕ್ಕಡಿಯ ಗರಿಷ್ಠ ಮಿತಿ ನೋಡಿಕೊಂಡು ಹಗುರವಾದ ಪ್ಲಾಸ್ಟಿಕ್ ಅಥವಾ ತೆಳು ಗಾಜಿನ ಲೋಟ ಆರಿಸಿ. ದಾರವಾಗಿ 0.1ರಿಂದ 0.2 ಮಿ.ಮೀ. ದಪ್ಪದ ನೈಲಾನ್ ಎಳೆ ಒಳ್ಳೆಯದು. ಹತ್ತಿಯ ದಾರ ನೀರು ಹೀರುತ್ತಾ ಹೋಗುವುದರಿಂದ ಅಂಕಿ ನಿಲ್ಲುವುದಿಲ್ಲ. ದಾರವನ್ನು ಕೈಯಲ್ಲಿ ಹಿಡಿಯಬಾರದು, ಕೈ ಎಷ್ಟೇ ಗಟ್ಟಿಯಿದ್ದರೂ ಅಲುಗುತ್ತದೆ. ತಕ್ಕಡಿಯ ಎರಡೂ ಬದಿಗೆ ಪುಸ್ತಕಗಳನ್ನು ಪೇರಿಸಿ, ಮೇಲೆ ಅಡ್ಡಲಾಗಿ ಒಂದು ಪಟ್ಟಿ ಇಟ್ಟು, ಅದರಿಂದ ದಾರ ಇಳಿಬಿಡಿ. ಪಟ್ಟಿ ತಕ್ಕಡಿಗಾಗಲಿ ಲೋಟಕ್ಕಾಗಲಿ ತಾಗಬಾರದು.

ನೀರು ಬಟ್ಟಿ ಇಳಿಸಿದ್ದಾದರೆ ಒಳ್ಳೆಯದು. ಇಲ್ಲವಾದರೆ ಶುದ್ಧೀಕರಿಸಿದ ನೀರನ್ನು ಕುದಿಸಿ, ಮುಚ್ಚಿ, ಕೊಠಡಿಯ ಉಷ್ಣತೆಗೆ ಬರುವವರೆಗೆ ಬಿಡಿ. ಕುದಿಸಿದಾಗ ಕರಗಿದ್ದ ಗಾಳಿ ಹೊರಹೋಗುವುದರಿಂದ ವಸ್ತುವಿನ ಮೇಲೆ ಗುಳ್ಳೆ ಕೂರುವುದು ಕಡಿಮೆಯಾಗುತ್ತದೆ. ಪಾತ್ರೆ ತೊಳೆಯುವ ದ್ರವದ ಒಂದೇ ಹನಿಯನ್ನು ನೊರೆ ಬಾರದಂತೆ ಕಲಕಿದರೆ ಮೇಲ್ಮೈ ಎಳೆತ ತಗ್ಗುತ್ತದೆ. ಒಂದು ಥರ್ಮಾಮೀಟರ್ ಕೂಡ ಇರಲಿ. ನೀರಿನ ಸಾಂದ್ರತೆ 1 ಎಂದು ಹಿಡಿಯುವ ರೂಢಿ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾತ್ರ ನಿಜ. 20 ಡಿಗ್ರಿಯಲ್ಲಿ ಅದು 0.9982, 24ರಲ್ಲಿ 0.9973, 28ರಲ್ಲಿ 0.9962, 32ರಲ್ಲಿ 0.9950. ಚಿನ್ನದ ಬಳೆಯ ಲೆಕ್ಕದಲ್ಲಿ ಇದನ್ನು ಮರೆತರೆ ಶುದ್ಧತೆ ಸುಮಾರು 0.4 ಅಂಶದಷ್ಟು ಹೆಚ್ಚಾಗಿ ಕಾಣುತ್ತದೆ. (ಇಲ್ಲಿ ಒಂದು ಅಂಶವೆಂದರೆ ಶೇಕಡಾ ಒಂದು.)

ಮೂರನೆಯ ಹಂತ: ಗೊತ್ತಿರುವ ಲೋಹದಿಂದ ವ್ಯವಸ್ಥೆಯ ಪರೀಕ್ಷೆ

ಒಡವೆಗೆ ಕೈ ಹಾಕುವ ಮೊದಲು ಇಡೀ ವ್ಯವಸ್ಥೆಯನ್ನು ಒಂದು ಶುದ್ಧ ಲೋಹದ ತುಂಡಿನಿಂದ ಪರೀಕ್ಷಿಸಬೇಕು. ವಿದ್ಯುತ್ ಕೆಲಸಕ್ಕೆ ಬಳಸುವ ತಾಮ್ರ ಶೇ. 99.9ರಷ್ಟು ಶುದ್ಧವಾಗಿರುವುದರಿಂದ ಅದಕ್ಕಿಂತ ಅಗ್ಗದ ಪ್ರಮಾಣವಸ್ತು ಸಿಗಲಾರದು. ಅರ್ಥಿಂಗ್‌ಗೆ ಹಾಕುವ 8 ಗೇಜ್‌ನ ಒಂಟಿ ತಾಮ್ರದ ತಂತಿಯನ್ನು ಒಂದು ಗೇಣಿಗಿಂತ ತುಸು ಉದ್ದವಾಗಿ ಕತ್ತರಿಸಿದರೆ ಸುಮಾರು 30 ಗ್ರಾಂ ಆಗುತ್ತದೆ. ಅದನ್ನು ಹುಣಿಸೆಹಣ್ಣಿನಿಂದ ಉಜ್ಜಿ, ತೊಳೆದು, ಒರೆಸಿ, ಸಡಿಲವಾಗಿ ಬಾಗಿಸಿ ತೂಗಿ. ಹಲವು ಎಳೆಗಳ ತಂತಿ ಬೇಡ, ಎಳೆಗಳ ನಡುವೆ ಗಾಳಿ ಉಳಿಯುತ್ತದೆ. ನಿಮಗೆ 8.92ರಿಂದ 9.00ರ ಒಳಗಿನ ಉತ್ತರ ಬಂದರೆ ವ್ಯವಸ್ಥೆ ಸರಿಯಿದೆ. 8.8 ಬಂದರೆ ಗುಳ್ಳೆ ಇದೆ ಅಥವಾ ದಾರ ಎಲ್ಲೋ ತಾಗುತ್ತಿದೆ; 9.2 ಬಂದರೆ ತುಂಡಿನ ಒಂದು ಭಾಗ ನೀರಿನಿಂದ ಹೊರಗಿದೆ ಅಥವಾ ತಕ್ಕಡಿಯ ಅಂಕಿ ಸರಿದಿದೆ. ತಾಮ್ರ ಸರಿಯಾಗಿ ಬರುವವರೆಗೆ ಮುಂದೆ ಹೋಗಬೇಡಿ. ನನ್ನ ಅಭಿಪ್ರಾಯದಲ್ಲಿ ದುಬಾರಿ ತಕ್ಕಡಿ ಕೊಳ್ಳುವುದಕ್ಕಿಂತ ಈ ಒಂದು ಹಂತವನ್ನು ಬಿಡದೆ ಮಾಡುವುದು ಹೆಚ್ಚು ಫಲ ಕೊಡುತ್ತದೆ.

ನಾಲ್ಕನೆಯ ಹಂತ: ತೂಗುವುದು

ವಸ್ತುವನ್ನು ಸೋಪಿನ ನೀರು ಮತ್ತು ಮೃದುವಾದ ಬ್ರಷ್‌ನಿಂದ ತೊಳೆದು, ಎಣ್ಣೆ, ಅರಿಶಿನ, ಕುಂಕುಮದ ಅಂಟೆಲ್ಲ ಹೋದ ಮೇಲೆ ಪೂರ್ತಿ ಒಣಗಿಸಿ. ಒಣಗಿದ ವಸ್ತುವನ್ನು ಗಾಳಿಯಲ್ಲಿ ತೂಗಿ ಬರೆದುಕೊಳ್ಳಿ. ಯಾವಾಗಲೂ ಇದೇ ಮೊದಲು. ಒದ್ದೆ ವಸ್ತುವನ್ನು ಒರೆಸಿ ತೂಗಿದರೆ ಅಂಟಿಕೊಂಡ ನೀರೂ ಸೇರಿಕೊಳ್ಳುತ್ತದೆ.

ಆಮೇಲೆ ಲೋಟವನ್ನು ತಕ್ಕಡಿಯ ಮೇಲಿಟ್ಟು, ಖಾಲಿ ದಾರವನ್ನು ಮುಳುಗಬೇಕಾದಷ್ಟು ಆಳಕ್ಕೆ ಇಳಿಬಿಟ್ಟು ಅಂಕಿಯನ್ನು ಸೊನ್ನೆ ಮಾಡಿ. ದಾರ ನೀರನ್ನು ಸೀಳುವ ಜಾಗದಲ್ಲಿ ನೀರು ಅದಕ್ಕೆ ಅಂಟಿ ಏರುತ್ತದೆ, 0.2 ಮಿ.ಮೀ. ದಾರದಲ್ಲಿ ಈ ಎಳೆತ 5 ಮಿಲಿಗ್ರಾಂ ಹತ್ತಿರ ಬರುತ್ತದೆ. ದಾರವಿದ್ದಾಗಲೇ ಸೊನ್ನೆ ಮಾಡಿದರೆ ಅದರ ಬಹುಪಾಲು ಕಳೆದುಹೋಗುತ್ತದೆ.

ಈಗ ವಸ್ತುವನ್ನು ದಾರಕ್ಕೆ ಕಟ್ಟಿ ನಿಧಾನವಾಗಿ ಇಳಿಸಿ. ಇಳಿಸಿದ ಕೂಡಲೇ ಅಂಕಿ ಓದದೆ, ಬೆಳಕಿಗೆ ಹಿಡಿದು ಸುತ್ತ ನೋಡಿ. ಬಳೆಯ ಕೆತ್ತನೆಯ ಸಂದಿಗಳಲ್ಲಿ, ಕೊಂಡಿಯ ತಿರುಪಿನಲ್ಲಿ, ದಾರದ ಗಂಟಿನ ಕೆಳಗೆ ಬೆಳ್ಳಿಯಂತೆ ಹೊಳೆಯುವ ಗುಳ್ಳೆಗಳು ಕೂತಿರುತ್ತವೆ. ಮೂರು ಮಿ.ಮೀ. ಅಗಲದ ಒಂದೇ ಗುಳ್ಳೆ 14 ಮಿಲಿಗ್ರಾಂ ನೀರನ್ನು ಸರಿಸುತ್ತದೆ. ಮುಂದಿನ ಉದಾಹರಣೆಯ 24 ಗ್ರಾಮಿನ ಬಳೆಯಲ್ಲಿ ಅಷ್ಟಕ್ಕೇ ಚಿನ್ನದ ಪಾಲು ಶೇ. 1ರಷ್ಟು ಕಡಿಮೆ ಕಾಣುತ್ತದೆ. ಒದ್ದೆ ಬ್ರಷ್‌ನಿಂದ ಗುಳ್ಳೆಗಳನ್ನು ತಳ್ಳಿ, ದಾರವನ್ನು ಒಂದೆರಡು ಬಾರಿ ಮೇಲೆ ಕೆಳಗೆ ಆಡಿಸಿ. ಅಂಕಿ ನಿಂತ ಮೇಲೆ ಬರೆದುಕೊಳ್ಳಿ. ವಸ್ತುವನ್ನು ತೆಗೆದು, ಸೊನ್ನೆಯನ್ನು ಮತ್ತೆ ನೋಡಿ, ಕಡಿಮೆಯೆಂದರೂ ಐದು ಬಾರಿ ಹೀಗೆ ಮಾಡಿ ಸರಾಸರಿ ತೆಗೆಯಿರಿ. ತೆಗೆಯುವಾಗ ಹನಿಗಳು ಲೋಟದಿಂದ ಹೊರಹೋಗುವುದರಿಂದ ಪ್ರತಿ ಬಾರಿಯೂ ಸೊನ್ನೆ ಮಾಡುವುದು ಅಗತ್ಯ. ಫ್ಯಾನ್ ಆರಿಸಿರಲಿ.

ಐದನೆಯ ಹಂತ: ಪಾಲಿನ ಲೆಕ್ಕ

ಎರಡು ಲೋಹಗಳು ಬೆರೆತಾಗ ಅವುಗಳ ಗಾತ್ರಗಳು ಹಾಗೆಯೇ ಕೂಡಿಕೊಳ್ಳುತ್ತವೆ ಎಂದು ಸದ್ಯಕ್ಕೆ ಒಪ್ಪೋಣ. ಭಾರದ ಲೋಹದ ಸಾಂದ್ರತೆಯನ್ನು ‘ಭಾ’, ಹಗುರ ಲೋಹದ್ದನ್ನು ‘ಹ’, ಅಳೆದ ಮಿಶ್ರಲೋಹದ್ದನ್ನು ‘ಮಿ’ ಎಂದು ಕರೆದರೆ,

ಭಾರದ ಲೋಹದ ಪಾಲು (ತೂಕದಲ್ಲಿ) = [ಭಾ × (ಮಿ − ಹ)] ÷ [ಮಿ × (ಭಾ − ಹ)]

ಸಾಂದ್ರತೆಗಳ ಸರಳ ಸರಾಸರಿಯಿಂದ ತೂಕದ ಪಾಲು ಬರುವುದಿಲ್ಲ, ಅದರಿಂದ ಬರುವುದು ಗಾತ್ರದ ಪಾಲು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು ಇದು.

ಉದಾಹರಣೆಗೆ, ಗಟ್ಟಿ ಬಳೆಯೊಂದು ಗಾಳಿಯಲ್ಲಿ 23.86 ಗ್ರಾಂ ತೂಗಿತು, ಮುಳುಗಿಸಿದಾಗ 1.35 ಬಂತು, ನೀರು 28 ಡಿಗ್ರಿಯಲ್ಲಿತ್ತು ಎಂದುಕೊಳ್ಳೋಣ. ಸಾಂದ್ರತೆ 23.86 ÷ 1.35 × 0.9962, ಅಂದರೆ 17.61. ಗಾಳಿಯೂ ವಸ್ತುವನ್ನು ಒಂದಿಷ್ಟು ಮೇಲಕ್ಕೆ ತಳ್ಳುವುದರಿಂದ ನಿಖರ ಲೆಕ್ಕಕ್ಕೆ ಇದರಿಂದ 0.02 ಕಳೆಯಬೇಕು, 0.01 ಗ್ರಾಂ ತಕ್ಕಡಿಯಲ್ಲಿ ಅದು ದೋಷದೊಳಗೆ ಮುಳುಗಿಹೋಗುತ್ತದೆ, ಬಿಟ್ಟುಬಿಡಬಹುದು.

ಬೆರಕೆ ತಾಮ್ರವೊಂದೇ ಆಗಿದ್ದರೆ ಚಿನ್ನದ ಪಾಲು ಶೇ. 91.6 ಬರುತ್ತದೆ, ಸರಿಯಾಗಿ 22 ಕ್ಯಾರಟ್. ಬೆರಕೆ ಬೆಳ್ಳಿಯೊಂದೇ ಆಗಿದ್ದರೆ ಅದೇ 17.61ಕ್ಕೆ ಶೇ. 88.4 ಬರುತ್ತದೆ. ಎರಡೂ ಸಮತೂಕದಲ್ಲಿದ್ದರೆ ಶೇ. 90.3. ಅಳತೆ ಒಂದೇ, ಉತ್ತರ ಮೂರು. ಬಳೆಯ ಬಣ್ಣ ಇಲ್ಲಿ ತುಸು ನೆರವಾಗುತ್ತದೆ: ತಾಮ್ರ ಹೆಚ್ಚಿದ್ದರೆ ಕೆಂಪು ಛಾಯೆ, ಬೆಳ್ಳಿ ಹೆಚ್ಚಿದ್ದರೆ ಹಸಿರು ಬೆರೆತ ನಸು ಹಳದಿ. ಆದರೂ ಉತ್ತರವನ್ನು ‘ಶೇ. 88ರಿಂದ 92ರ ನಡುವೆ’ ಎಂದು ಬರೆಯುವುದೇ ಪ್ರಾಮಾಣಿಕ ಕ್ರಮ.

ಒಂದೊಂದು ಕ್ಯಾರಟ್‌ಗೂ ಒಂದು ಸಾಂದ್ರತೆಯ ವ್ಯಾಪ್ತಿ ಇದೆಯೆಂದು ಇದರಿಂದ ತಿಳಿಯುತ್ತದೆ. ತಾಮ್ರದ ತುದಿಯಿಂದ ಬೆಳ್ಳಿಯ ತುದಿಯವರೆಗೆ ಲೆಕ್ಕ ಹಾಕಿದರೆ 22 ಕ್ಯಾರಟ್ 17.6ರಿಂದ 18.05ರವರೆಗೆ, 21 ಕ್ಯಾರಟ್ 16.9ರಿಂದ 17.5ರವರೆಗೆ, 20 ಕ್ಯಾರಟ್ 16.2ರಿಂದ 16.9ರವರೆಗೆ, 18 ಕ್ಯಾರಟ್ 15.0ರಿಂದ 16.0ರವರೆಗೆ ಹರಡಿದೆ. 22 ಎಂದು ಹೇಳಿ 18 ಕೊಟ್ಟಿದ್ದರೆ ಈ ವಿಧಾನ ಅದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಹಿಡಿಯುತ್ತದೆ. 22 ಎಂದು ಹೇಳಿ 21 ಕೊಟ್ಟಿದ್ದರೆ, ಬೆರಕೆಯ ಲೋಹ ಯಾವುದೆಂದು ತಿಳಿಯದೆ ಹಿಡಿಯುವುದು ಕಷ್ಟ.

ಆರನೆಯ ಹಂತ: ದೋಷದ ಲೆಕ್ಕ

ಮೇಲಿನ 1.35 ಎಂಬ ಅಂಕಿಯಲ್ಲಿ 0.01 ಆಚೀಚೆ ಆಗಿರಬಹುದು. ಅಂದರೆ ಸಾಂದ್ರತೆ 17.48ರಿಂದ 17.74ರೊಳಗೆ ಎಲ್ಲಾದರೂ ಇರಬಹುದು. ತಾಮ್ರದ ಬೆರಕೆ ಎಂದು ಹಿಡಿದರೆ ಚಿನ್ನದ ಪಾಲು 90.9ರಿಂದ 92.3. ಇದು ಒಪ್ಪಬಹುದಾದ ನಿಖರತೆ. ಆದರೆ ಐದು ಗ್ರಾಮಿನ ಉಂಗುರವನ್ನು ಅದೇ ತಕ್ಕಡಿಯಲ್ಲಿ ತೂಗಿದರೆ ಅಂಕಿ ಬರುವುದು 0.28, ಅದರಲ್ಲಿ 0.01 ಎಂದರೆ ಶೇ. 3.6. ಉತ್ತರ 88ರಿಂದ 95ರವರೆಗೆ ಚಾಚಿಕೊಳ್ಳುತ್ತದೆ, 21 ಕ್ಯಾರಟ್ಟೋ 23 ಕ್ಯಾರಟ್ಟೋ ಹೇಳಲಾಗದು. ವಿಜಯನಗರದ ವರಾಹ ನಾಣ್ಯ ಸುಮಾರು 3.4 ಗ್ರಾಮಿನದು; ಅಂಥದ್ದನ್ನು ಮನೆಯ ತಕ್ಕಡಿಯಲ್ಲಿ ಪರೀಕ್ಷಿಸಿ ಶುದ್ಧತೆ ಹೇಳುವವರ ಮಾತಿಗೆ ಬೆಲೆ ಕೊಡಬೇಕಿಲ್ಲ. ಮ್ಯೂಸಿಯಮ್ಮುಗಳಲ್ಲಿ ಹಳೆಯ ಚಿನ್ನದ ನಾಣ್ಯಗಳಿಗೆ ಈ ವಿಧಾನ ಬಳಸುವಾಗ ಮಿಲಿಗ್ರಾಮಿನ ಭಾಗಗಳನ್ನು ಓದುವ ತಕ್ಕಡಿ ಇರುತ್ತದೆ, ನೀರಿನ ಬದಲು ಹೆಚ್ಚು ಸಾಂದ್ರವಾದ, ಮೇಲ್ಮೈ ಎಳೆತ ಬಹಳ ಕಡಿಮೆಯಿರುವ ಫ್ಲೋರಿನ್‌ಯುಕ್ತ ದ್ರವಗಳನ್ನು ಬಳಸುವುದುಂಟು.

ಒಂದೇ ತಕ್ಕಡಿಯಿಂದ ಹೆಚ್ಚು ನಿಖರತೆ ಬೇಕಿದ್ದರೆ ಜೋಡಿ ಬಳೆಗಳನ್ನು ಒಟ್ಟಿಗೆ ಕಟ್ಟಿ ಮುಳುಗಿಸಬಹುದು. ತೂಕ ಇಮ್ಮಡಿಯಾದರೆ ದೋಷದ ಪಾಲು ಅರ್ಧವಾಗುತ್ತದೆ. ಎರಡೂ ಒಂದೇ ಎರಕದವು ಎಂಬ ನಂಬಿಕೆ ಇದ್ದರೆ ಮಾತ್ರ ಈ ಉಪಾಯ ಸಲ್ಲುತ್ತದೆ.

ಬೆರೆತ ಎರಡು ಲೋಹಗಳ ಸಾಂದ್ರತೆಗಳು ಎಷ್ಟು ದೂರವಿವೆ ಎಂಬುದೂ ಅಷ್ಟೇ ಮುಖ್ಯ. ಚಿನ್ನ–ತಾಮ್ರದಲ್ಲಿ ಸಾಂದ್ರತೆ 0.1 ತಪ್ಪಿದರೆ ಪಾಲು ಅರ್ಧ ಅಂಶದಷ್ಟು ತಪ್ಪುತ್ತದೆ. ಬೆಳ್ಳಿ–ತಾಮ್ರದಲ್ಲಿ ಅದೇ 0.1 ತಪ್ಪು ಸುಮಾರು ಆರು ಅಂಶಗಳಷ್ಟಾಗುತ್ತದೆ, ಹತ್ತು ಪಟ್ಟಿಗಿಂತ ಹೆಚ್ಚು. ಆದ್ದರಿಂದ ಬೆಳ್ಳಿಗೆ ಭಾರವಾದ ವಸ್ತುವೇ ಬೇಕು. ನೂರು ಗ್ರಾಮಿನ ಬೆಳ್ಳಿ ಲೋಟವನ್ನು ಮುಳುಗಿಸಿದಾಗ ಬರುವ ಅಂಕಿ 9.6ರ ಆಸುಪಾಸಿನದು, ಅಲ್ಲಿ 0.01ರ ದೋಷದಿಂದ ಪಾಲು 0.6 ಅಂಶದಷ್ಟು ಮಾತ್ರ ಅಲುಗುತ್ತದೆ. ಶೇ. 92.5ರ ಬೆಳ್ಳಿ 10.36 ತೋರಬೇಕು. ಕಾಲುಗೆಜ್ಜೆಗೆ ಈ ವಿಧಾನ ಬೇಡ, ಅದರ ನೂರಾರು ಸಂದಿಗಳಿಂದ ಗಾಳಿ ಬಿಡಿಸುವುದು ಆಗದ ಕೆಲಸ. ಇನ್ನೊಂದು ಎಚ್ಚರಿಕೆ: ಸೀಸ 85, ತವರ 15ರ ಪಾಲಿನಲ್ಲಿ ಬೆರೆತರೆ ಸಾಂದ್ರತೆ ಬೆಳ್ಳಿಯದ್ದಕ್ಕೇ ಸಮನಾಗುತ್ತದೆ. ಬೆಳ್ಳಿಯ ಲೇಪವಿರುವ ಅಂಥ ವಸ್ತು ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾರಾಗುತ್ತದೆ, ತಟ್ಟಿದಾಗ ಬರುವ ಮಂಕು ಸದ್ದಿನಲ್ಲಿ ಸಿಕ್ಕಿಬೀಳುತ್ತದೆ.

ಸೂತ್ರವೇ ತಪ್ಪುವ ಜಾಗ: ಹಿತ್ತಾಳೆ ಮತ್ತು ಕಂಚು

ಗಾತ್ರಗಳು ಹಾಗೆಯೇ ಕೂಡಿಕೊಳ್ಳುತ್ತವೆ ಎಂಬ ಒಪ್ಪಿಗೆ ಚಿನ್ನ–ಬೆಳ್ಳಿಯಲ್ಲಿ ಬಹುಮಟ್ಟಿಗೆ ನಿಜ. ಎರಡರ ಪರಮಾಣುಗಳ ಅಳತೆ ಹೆಚ್ಚುಕಡಿಮೆ ಒಂದೇ, ಹರಳಿನ ಜೋಡಣೆಯೂ ಒಂದೇ ಬಗೆಯದು. ಒಂದರ ಜಾಗದಲ್ಲಿ ಇನ್ನೊಂದು ತಕರಾರಿಲ್ಲದೆ ಕೂರುತ್ತದೆ. ತಾಮ್ರ–ಸತುವಿನಲ್ಲಿ ಹಾಗಿಲ್ಲ. ಸತು ತನ್ನ ಮೂಲ ಜೋಡಣೆಯನ್ನು ಬಿಟ್ಟು ತಾಮ್ರದ ಜೋಡಣೆಯೊಳಗೆ ಸೇರಿದಾಗ ಕಡಿಮೆ ಜಾಗ ಹಿಡಿಯುತ್ತದೆ. ಹಾಗಾಗಿ ಹಿತ್ತಾಳೆ ಲೆಕ್ಕಕ್ಕಿಂತ ಹೆಚ್ಚು ಸಾಂದ್ರವಾಗಿರುತ್ತದೆ.

ಇದರ ಪರಿಣಾಮ ಸಣ್ಣದೇನಲ್ಲ. 85.30 ಗ್ರಾಮಿನ ಹಿತ್ತಾಳೆ ತುಂಡೊಂದು 28 ಡಿಗ್ರಿಯ ನೀರಿನಲ್ಲಿ 9.96 ತೋರಿದರೆ ಸಾಂದ್ರತೆ 8.53. ಸೂತ್ರಕ್ಕೆ ಹಾಕಿದರೆ ತಾಮ್ರ ಶೇ. 80 ಎಂದು ಬರುತ್ತದೆ. ನಿಜದಲ್ಲಿ 8.53 ಎಂಬುದು ತಾಮ್ರ 70, ಸತು 30 ಇರುವ ಹಿತ್ತಾಳೆಯ ಸಾಂದ್ರತೆ. ಹತ್ತು ಅಂಶಗಳ ತಪ್ಪು, ಅದೂ ತೂಕದಲ್ಲಿ ಒಂದಿಷ್ಟೂ ತಪ್ಪಿಲ್ಲದೆ.

ಆದ್ದರಿಂದ ಹಿತ್ತಾಳೆಗೆ ಸೂತ್ರ ಬಿಟ್ಟು ಕೋಷ್ಟಕ ಹಿಡಿಯಬೇಕು. ತಯಾರಿಕೆಯ ಪ್ರಮಾಣಗಳಲ್ಲಿ ಒಪ್ಪಿತವಾದ ಸಾಂದ್ರತೆಗಳು ಇವು, ತಾಮ್ರದ ಪಾಲಿಗೆ ಎದುರಾಗಿ:

ತಾಮ್ರ 95 — 8.86
ತಾಮ್ರ 90 — 8.80
ತಾಮ್ರ 85 — 8.75
ತಾಮ್ರ 80 — 8.67
ತಾಮ್ರ 70 — 8.53
ತಾಮ್ರ 65 — 8.47
ತಾಮ್ರ 60 — 8.39

ನಿಮ್ಮ ಅಳತೆ ಎರಡು ಸಾಲುಗಳ ನಡುವೆ ಬಿದ್ದರೆ ಪ್ರಮಾಣಾನುಸಾರ ನಡುವಿನ ಪಾಲು ತೆಗೆಯಿರಿ. ತಾಮ್ರ 95ರಿಂದ 60ಕ್ಕೆ ಇಳಿದರೂ ಸಾಂದ್ರತೆ ಇಳಿಯುವುದು ಶೇ. 5ರಷ್ಟು ಮಾತ್ರ ಎಂಬುದನ್ನು ಗಮನಿಸಿ. ಅಳತೆಯಲ್ಲಿ ಶೇ. 1 ತಪ್ಪಿದರೆ ಪಾಲಿನಲ್ಲಿ ಆರೇಳು ಅಂಶ ತಪ್ಪುತ್ತದೆ. ಎರಡು ಕಿಲೋ ತೂಗುವ ದೀಪದ ಕಂಬವನ್ನು ಐದು ಗ್ರಾಂ ಮಾತ್ರ ಓದಬಲ್ಲ ಕೊಕ್ಕೆ ತಕ್ಕಡಿಗೆ ನೇತುಹಾಕಿ ಬಕೆಟ್ಟಿನಲ್ಲಿ ಮುಳುಗಿಸುವುದರಿಂದ ಏನೂ ತಿಳಿಯದು. ಅಲ್ಲಿನ ದೋಷವೇ ಶೇ. 2. ಎರಕ ಹೊಯ್ದ ದೀಪಗಳಲ್ಲಿ ಕಣ್ಣಿಗೆ ಕಾಣದ ಗಾಳಿಗುಳ್ಳೆಗಳಿದ್ದು ಸಾಂದ್ರತೆ ಇನ್ನಷ್ಟು ತಗ್ಗುತ್ತದೆ, ತಟ್ಟಿ ಮಾಡಿದ ಅಥವಾ ಎಳೆದ ಹಿತ್ತಾಳೆಯಲ್ಲಿ ಈ ತೊಂದರೆ ಕಡಿಮೆ.

ಸೀಸ ಸೇರಿದ ಹಿತ್ತಾಳೆ ಮತ್ತೊಂದು ಬಲೆ. ಲೇತ್‌ನಲ್ಲಿ ಸುಲಭವಾಗಿ ಕಡೆಯಲೆಂದು ನಲ್ಲಿ, ಬೋಲ್ಟುಗಳ ಹಿತ್ತಾಳೆಗೆ ಶೇ. 3ರಷ್ಟು ಸೀಸ ಹಾಕುತ್ತಾರೆ. ತಾಮ್ರ 61.5ರಷ್ಟೇ ಇರುವ ಅಂಥ ಹಿತ್ತಾಳೆಯ ಸಾಂದ್ರತೆ 8.49; ಮೇಲಿನ ಕೋಷ್ಟಕ ನೋಡಿದವರು ತಾಮ್ರ 66 ಅಥವಾ 67 ಎಂದು ಬರೆದುಬಿಡುತ್ತಾರೆ. ಕಂಚಿನಲ್ಲೂ ತಾಮ್ರ ಮತ್ತು ತವರ ಸೇರಿದಾಗ ಗಾತ್ರ ಕುಗ್ಗುತ್ತದೆ. ತಾಮ್ರ 78, ತವರ 22ರ ಗಂಟೆಯ ಕಂಚಿಗೆ ಸೂತ್ರದಿಂದ 8.53 ಬರುತ್ತದೆ, ನಿಜವಾದ ಗಟ್ಟಿ ಕಂಚು ಅದಕ್ಕಿಂತ ಭಾರ. ಪಂಚಲೋಹದ ವಿಗ್ರಹಕ್ಕಂತೂ ಈ ದಾರಿಯೇ ಇಲ್ಲ: ಐದು ಲೋಹಗಳಿದ್ದರೆ ಗೊತ್ತಿಲ್ಲದ ಪಾಲುಗಳು ನಾಲ್ಕು, ಕೈಯಲ್ಲಿರುವ ಸಮೀಕರಣ ಒಂದು.

ಟಂಗ್‌ಸ್ಟನ್ ಮತ್ತು ಇತರ ಪರೀಕ್ಷೆಗಳು

ಟಂಗ್‌ಸ್ಟನ್‌ನ ಸಾಂದ್ರತೆ ಚಿನ್ನದ್ದಕ್ಕಿಂತ ಶೇ. 0.4ರಷ್ಟೂ ಕಡಿಮೆಯಿಲ್ಲ. ಟಂಗ್‌ಸ್ಟನ್ ತಿರುಳಿನ ಮೇಲೆ ದಪ್ಪ ಚಿನ್ನದ ಹೊದಿಕೆ ಹಾಕಿದ ಗಟ್ಟಿಯನ್ನು ನೀರಿನಲ್ಲಿ ತೂಗಿ ಬಯಲು ಮಾಡುವುದು ಬಹಳ ಕಷ್ಟ. ಅದು 3,400 ಡಿಗ್ರಿ ದಾಟಿದ ಮೇಲೆ ಕರಗುವ ಗಡಸು ಲೋಹವಾದ್ದರಿಂದ ಒಡವೆಯ ಕುಸುರಿಗೆ ಒಗ್ಗುವುದಿಲ್ಲ. ಶಂಕೆ ಪಡಬೇಕಾದದ್ದು ಬಿಸ್ಕತ್ತು ಮತ್ತು ದಪ್ಪ ಗಟ್ಟಿಗಳ ವಿಷಯದಲ್ಲಿ. ಅಲ್ಲಿ ಅಲ್ಟ್ರಾಸೌಂಡ್ ಅಥವಾ ವಿದ್ಯುತ್ ವಾಹಕತೆಯ ಪರೀಕ್ಷೆ ಬೇಕು.

ಅಕ್ಕಸಾಲಿಗರ ಒರೆಗಲ್ಲು ಮೈಮೇಲಿನ ಲೋಹವನ್ನು ಹೇಳುತ್ತದೆ. ಅಂಗಡಿಗಳ ಎಕ್ಸ್-ರೇ ಯಂತ್ರವೂ ಮೇಲಿನ ಕೆಲವೇ ಮೈಕ್ರಾನುಗಳನ್ನು ಓದುತ್ತದೆ, ಆದರೆ ಯಾವ ಯಾವ ಲೋಹಗಳಿವೆ ಎಂದು ಹೆಸರು ಹಿಡಿದು ತಿಳಿಸುತ್ತದೆ. ನೀರಿನ ತೂಕ ಒಳಗಿನದ್ದನ್ನೂ ಸೇರಿಸಿ ಇಡೀ ವಸ್ತುವಿನ ಬಗ್ಗೆ ಹೇಳುತ್ತದೆ, ಹೆಸರು ಹೇಳುವುದಿಲ್ಲ. ಆದ್ದರಿಂದ ಇವೆರಡನ್ನೂ ಜೊತೆಗೂಡಿಸಿದಾಗ ಉತ್ತರ ಗಟ್ಟಿಯಾಗುತ್ತದೆ: ಎಕ್ಸ್-ರೇ ವರದಿಯಿಂದ ಬೆರಕೆಯಲ್ಲಿ ತಾಮ್ರ ಮತ್ತು ಬೆಳ್ಳಿ ಯಾವ ಪಾಲಿನಲ್ಲಿವೆ ಎಂದು ತೆಗೆದುಕೊಂಡು, ಆ ಬೆರಕೆಯ ಸಾಂದ್ರತೆಯನ್ನು ‘ಹ’ದ ಜಾಗದಲ್ಲಿಟ್ಟು ಮತ್ತೆ ಲೆಕ್ಕ ಹಾಕಿ. ತಾಮ್ರ–ಬೆಳ್ಳಿ ಸಮತೂಕವಿದ್ದರೆ ‘ಹ’ 9.67 ಆಗುತ್ತದೆ. ಹೀಗೆ ಬಂದ ಸಾಂದ್ರತೆಯ ಉತ್ತರ ಎಕ್ಸ್-ರೇ ಹೇಳಿದ ಶುದ್ಧತೆಗಿಂತ ದೋಷದ ಮಿತಿ ಮೀರಿ ಕಡಿಮೆಯಿದ್ದರೆ, ಒಳಗೆ ಹಗುರವಾದದ್ದೇನೋ ಇದೆ ಅಥವಾ ಟೊಳ್ಳು ಇದೆ ಎಂದೇ ಅರ್ಥ.

ಅಂಗಡಿಯವರ ಮುದ್ರೆಗೂ ನಿಮ್ಮ ಅಳತೆಗೂ ತಾಳೆಯಾಗದಿದ್ದಾಗ ಮೊದಲು ತಾಮ್ರದ ತಂತಿಯನ್ನು ಮತ್ತೆ ತೂಗಿ ನೋಡಿ. ಅದು ಸರಿಯಿದ್ದರೆ, ಒಡವೆಯ ಮೇಲಿನ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿಯನ್ನು (ಹಾಲ್‌ಮಾರ್ಕ್ ಆದ ಒಡವೆಯ ಗುರುತಿನ ಸಂಖ್ಯೆ) ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ಶುದ್ಧತೆ ಮತ್ತು ಒಡವೆಯ ಬಗೆ ಹೊಂದುತ್ತವೆಯೇ ಎಂದು ಪರಿಶೀಲಿಸಿ, ಬಳಿಕ ಬಿಐಎಸ್ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರಕ್ಕೆ ಒಯ್ಯಿರಿ. ಅಲ್ಲಿ ಒಂದು ಚೂರನ್ನು ತೆಗೆದು, ಸೀಸದೊಡನೆ ಕುಲುಮೆಯಲ್ಲಿ ಕಾಯಿಸಿ, ಉಳಿದ ಚಿನ್ನವನ್ನೇ ತೂಗುವ ಪುಟಪರೀಕ್ಷೆ ಮಾಡುತ್ತಾರೆ. ಹಾಲ್‌ಮಾರ್ಕ್ ಇರುವ ಒಡವೆಯ ಶುದ್ಧತೆ ಕಡಿಮೆಯೆಂದು ಅಲ್ಲಿ ತೀರ್ಮಾನವಾದರೆ, 2018ರ ಬಿಐಎಸ್ ನಿಯಮಗಳ ಪ್ರಕಾರ ಕೊಂಡವರಿಗೆ ಕೊರತೆಯ ಮೊತ್ತದ ಎರಡರಷ್ಟು ಪರಿಹಾರ ಮತ್ತು ಪರೀಕ್ಷೆಯ ಶುಲ್ಕ ಸಲ್ಲಬೇಕು. ದೂರಿನೊಂದಿಗೆ ಕೊಡಲು ಕೊಂಡ ಬಿಲ್ಲು ಬೇಕಾಗುತ್ತದೆ. ನೀರಿನಲ್ಲಿ ತೂಗಿದ ನಿಮ್ಮ ಲೆಕ್ಕಕ್ಕೆ ಅಲ್ಲಿ ಸಾಕ್ಷ್ಯದ ಬೆಲೆಯಿಲ್ಲ, ಒಡವೆಯನ್ನು ಕೇಂದ್ರಕ್ಕೆ ಒಯ್ಯಬೇಕೋ ಬೇಡವೋ ಎಂದು ನೀವು ನಿರ್ಧರಿಸುವುದಕ್ಕಷ್ಟೇ ಅದು ಒದಗುತ್ತದೆ.